ಆಲ್ಟೊ ಎಕ್ಸಲೇಟರ್ ಪೆಡಲ್ ಕೆಳಗೇ ಹಿಡಿದುಕೊಳ್ಳುತ್ತಿದೆ, ಯಾರಾದರೂ ದಾರಿ ಹೇಳಿ

ಕೇಶ್ವಾಪುರ ಆಲ್ಟೊ · ಶನಿವಾರ, ಮಧ್ಯಾಹ್ನ 1:10

ಎಲ್ಲರಿಗೂ ನಮಸ್ಕಾರ. ನನ್ನದು 2008ರ ಆಲ್ಟೊ, ಪೆಟ್ರೋಲ್, 796 ಸಿಸಿ. ಅಪ್ಪ ಕೊಂಡ ಗಾಡಿ, ಈಗ ನಾನು ಓಡಿಸುತ್ತೇನೆ.

ಇವತ್ತು ಬೆಳಿಗ್ಗೆ ಅವ್ವನನ್ನು ಕೂರಿಸಿಕೊಂಡು ನುಗ್ಗಿಕೇರಿ ಹನಮಪ್ಪನ ಗುಡಿಗೆ ಹೊರಟಿದ್ದೆ. ಉಣಕಲ್ ಕೆರೆ ದಾಟುವವರೆಗೆ ಏನೂ ತೊಂದರೆ ಇರಲಿಲ್ಲ. ನವನಗರ ಬಿಟ್ಟು ರಾಯಾಪುರದ ಹತ್ತಿರ ಮುಂದೆ ಒಂದು ಕಡಿ ತುಂಬಿದ ಟಿಪ್ಪರ್ ನಿಧಾನ ಆಯಿತು. ನಾನು ಎಕ್ಸಲೇಟರ್ ಮೇಲಿಂದ ಕಾಲು ತೆಗೆದೆ. ಗಾಡಿ ಮಾತ್ರ ನಿಧಾನ ಆಗಲಿಲ್ಲ. ಅದೇ ವೇಗದಲ್ಲಿ ಎಳೆಯುತ್ತಲೇ ಹೋಯಿತು. ಬ್ರೇಕ್ ಒತ್ತಿದೆ, ಗಾಡಿ ಎಳೆದಾಡಿತು. ಕ್ಲಚ್ ಒತ್ತಿದ ಕೂಡಲೇ ಇಂಜಿನ್ ಕಿರುಚಲು ಶುರುವಾಯಿತು. ಗಾಬರಿಯಲ್ಲಿ ಓಡುತ್ತಿರುವಾಗಲೇ ಕೀ ತಿರುಗಿಸಿ ಆಫ್ ಮಾಡಿಬಿಟ್ಟೆ. ಹೇಗೋ ಎಡಕ್ಕೆ ತಂದು ನಿಲ್ಲಿಸಿದೆ. ಅವ್ವ ಡ್ಯಾಶ್‌ಬೋರ್ಡ್ ಹಿಡಿದವಳು ಐದು ನಿಮಿಷ ಕೈ ಬಿಡಲಿಲ್ಲ.

ಬೂಟಿನ ತುದಿಯನ್ನು ಪೆಡಲ್ ಹಿಂದೆ ಹಾಕಿ ಮೇಲಕ್ಕೆ ಎತ್ತಿದಾಗ ಟಪ್ ಅಂತ ಬಂತು. ಆಮೇಲೆ ಸರಿ ಇತ್ತು. ಗುಡಿಯಿಂದ ವಾಪಸ್ ಬರುವಾಗ ಮತ್ತೆ ಒಂದು ಸಲ ಹಿಡಿಯಿತು.

ಇದು ಮೊದಲನೇ ಸಲವೂ ಅಲ್ಲ. ಹತ್ತು ದಿನದ ಹಿಂದೆ ಸ್ವಲ್ಪ ಹೀಗೇ ಆಗಿತ್ತು. ಗ್ಯಾರೇಜಿಗೆ ಒಯ್ದಾಗ ಥ್ರಾಟಲ್ ಬಾಡಿಯಲ್ಲಿ, ಅಂದರೆ ಇಂಜಿನ್‌ಗೆ ಹೋಗುವ ಗಾಳಿಯನ್ನು ತೆರೆದು ಮುಚ್ಚುವ ಭಾಗದಲ್ಲಿ, ಕಾರ್ಬನ್ ಕೂತಿದೆ ಎಂದು ತೊಳೆದು ಕೊಟ್ಟರು. ನಾಲ್ಕು ದಿನ ಚೆನ್ನಾಗಿತ್ತು. ಈಗ ಫೋನ್ ಮಾಡಿದರೆ ಥ್ರಾಟಲ್ ಬಾಡಿಯನ್ನೇ ಬದಲಿಸಬೇಕು ಅಂತಾರೆ. ಅಷ್ಟು ದುಡ್ಡು ಹಾಕುವ ಮುಂಚೆ ನಿಮ್ಮನ್ನು ಕೇಳೋಣ ಅನ್ನಿಸಿತು.

ತಡಸ ಕ್ರಾಸ್ · ಶನಿವಾರ, ಮಧ್ಯಾಹ್ನ 1:32

ಮೊದಲು ನೀವಿಬ್ಬರೂ ಸುಖವಾಗಿ ಮನೆ ಸೇರಿದಿರಲ್ಲ, ಅದು ದೊಡ್ಡದು.

ರಿಪೇರಿ ಮಾತು ಆಮೇಲೆ ಆಗಲಿ. ಇನ್ನೊಂದು ಸಲ ಹೀಗಾದರೆ ಏನು ಮಾಡಬೇಕು ಅನ್ನೋದನ್ನು ಓದುವವರೆಲ್ಲ ತಿಳಿದುಕೊಳ್ಳಿ. ನಾನು ವಾರಕ್ಕೊಮ್ಮೆ ಯಲ್ಲಾಪುರ ಮೇಲೆ ಅಂಕೋಲಾಕ್ಕೆ ಹೋಗಿಬರುತ್ತೇನೆ. ಅರಬೈಲ್ ಘಟ್ಟದಲ್ಲಿ ಪೆಡಲ್ ಹಿಡಿದರೆ ಏನು ಗತಿ ಎಂದು ಯೋಚಿಸಿ ಯೋಚಿಸಿ ಇದನ್ನು ಕಲಿತೆ.

ಕ್ಲಚ್ ಪೂರ್ತಿ ಒತ್ತಿ, ಗೇರ್ ನ್ಯೂಟ್ರಲ್‌ಗೆ ತನ್ನಿ. ಆಟೊಮ್ಯಾಟಿಕ್ ಆದರೆ ನೇರ N. ಇಂಜಿನ್ ಕಿರುಚುತ್ತದೆ, ಕಿರುಚಲಿ ಬಿಡಿ. ಎಂಪಿಎಫ್‌ಐ, ಅಂದರೆ ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ಗಾಡಿಗಳಲ್ಲಿ ಇಂಜಿನ್ನಿನ ಸುತ್ತು ಮಿತಿ ಮೀರಿದರೆ ಕಂಪ್ಯೂಟರ್ ತಾನೇ ಪೆಟ್ರೋಲ್ ನಿಲ್ಲಿಸುತ್ತದೆ. ಇಂಜಿನ್ ಕೆಟ್ಟರೂ ಪರವಾಗಿಲ್ಲ, ಜನ ಉಳಿಯಬೇಕು ಅಲ್ವಾ.

ಬ್ರೇಕನ್ನು ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಬೇಡಿ. ಕಾರಣ ಇದೆ. ಪೆಟ್ರೋಲ್ ಗಾಡಿಯ ಬ್ರೇಕ್ ಹಗುರ ಇರುವುದು ಇಂಜಿನ್ ಎಳೆಯುವ ವ್ಯಾಕ್ಯೂಮ್‌ನಿಂದ. ಥ್ರಾಟಲ್ ತೆರೆದೇ ಇದ್ದರೆ ಆ ವ್ಯಾಕ್ಯೂಮ್ ಹುಟ್ಟುವುದು ತೀರ ಕಡಿಮೆ. ಬ್ರೇಕ್ ಹಗುರ ಮಾಡುವ ಬೂಸ್ಟರಿನಲ್ಲಿ ಒಂದೆರಡು ಸಲ ಒತ್ತುವಷ್ಟು ಮಾತ್ರ ಉಳಿದಿರುತ್ತದೆ. ಪಂಪ್ ಮಾಡಿದರೆ ಅದೂ ಖಾಲಿಯಾಗಿ ಪೆಡಲ್ ಕಲ್ಲಿನ ಹಾಗೆ ಆಗುತ್ತದೆ.

ಗಾಡಿ ನಿಂತ ಮೇಲೆ ಮಾತ್ರ ಕೀ ಆಫ್. ಓಡುವಾಗ ಆಫ್ ಮಾಡಿದರೆ ಪವರ್ ಸ್ಟೀರಿಂಗ್ ಇರುವ ಗಾಡಿಯಲ್ಲಿ ಚಕ್ರ ಭಾರ ಆಗುತ್ತದೆ. ಗಾಬರಿಯಲ್ಲಿ ಕೀ ಪೂರ್ತಿ ಹಿಂದಕ್ಕೆ ತಿರುಗಿಸಿ ಹೊರಗೆ ತೆಗೆದರೆ ಸ್ಟೀರಿಂಗೇ ಲಾಕ್ ಆಗಬಹುದು.

ಬಗ್ಗಿ ಕೈಯಿಂದ ಪೆಡಲ್ ಎತ್ತಲು ಹೋಗಬೇಡಿ. ಆ ಒಂದು ಕ್ಷಣ ಕಣ್ಣು ರಸ್ತೆ ಮೇಲೆ ಇರುವುದಿಲ್ಲ.

ಕೇಶ್ವಾಪುರ ಆಲ್ಟೊ · ಶನಿವಾರ, ಮಧ್ಯಾಹ್ನ 1:50

ನ್ಯೂಟ್ರಲ್ ಹೊಳೆಯಲೇ ಇಲ್ಲ ಅಣ್ಣಾ. ಕ್ಲಚ್ ಒತ್ತಿದಾಗ ಬಂದ ಶಬ್ದಕ್ಕೆ ಹೆದರಿ ಮತ್ತೆ ಬಿಟ್ಟುಬಿಟ್ಟೆ. ಇನ್ನು ನೆನಪಿಟ್ಟುಕೊಳ್ಳುತ್ತೇನೆ. ಗಾಡಿ ಸದ್ಯಕ್ಕೆ ಮನೆ ಮುಂದೆ ನಿಂತಿದೆ, ಸರಿ ಆಗುವವರೆಗೆ ಹೊರಗೆ ತೆಗೆಯಲ್ಲ.

ಸಾಧನಕೇರಿ · ಶನಿವಾರ, ಮಧ್ಯಾಹ್ನ 2:15

ಕೆಳಗೆ ಮ್ಯಾಟ್ ಎಂಥದ್ದು ಹಾಕಿದ್ದೀರಿ? ಒಂದರ ಮೇಲೆ ಒಂದು ಎರಡು ಇದ್ದಾವಾ?

ಸುಮ್ನೆ ಕೇಳುತ್ತಿಲ್ಲ. 2009ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಹತ್ತಿರ ಒಂದು ಲೆಕ್ಸಸ್ ಕಾರು ಹಿಡಿತ ತಪ್ಪಿ ನಾಲ್ಕು ಜನ ಸತ್ತರು. ಆ ಕಾರಿಗೆ ಬೇರೆ ಮಾದರಿಯ ದಪ್ಪ ರಬ್ಬರ್ ಮ್ಯಾಟ್ ಹಾಕಿದ್ದರು. ಪೆಡಲ್ ಅದರ ಅಂಚಿಗೆ ಸಿಕ್ಕಿಕೊಂಡಿತ್ತು. ಅದಾದ ಮೇಲೆ ಟೊಯೊಟಾ ಅಲ್ಲಿ ಮ್ಯಾಟ್ ಕಾರಣಕ್ಕೇ ಸುಮಾರು 38 ಲಕ್ಷ ಕಾರುಗಳ ರೀಕಾಲ್ ಮಾಡಿತು. 2010ರ ಜನವರಿಯಲ್ಲಿ ಪೆಡಲ್ಲೇ ಅಂಟಿಕೊಳ್ಳುತ್ತದೆ ಎಂದು ಇನ್ನೂ ಸುಮಾರು 23 ಲಕ್ಷ. ಎರಡೂ ಬೇರೆ ಬೇರೆ ದೋಷ. ಕಾಲಿನ ಕೆಳಗೆ ಮಾತ್ರ ಎರಡೂ ಒಂದೇ ಥರ ಅನ್ನಿಸುತ್ತವೆ.

ನಮ್ಮ ಕಡೆ ಮಳೆಗಾಲದಲ್ಲಿ ಹಳೆ ಮ್ಯಾಟ್ ಮೇಲೆ ಇನ್ನೊಂದು ರಬ್ಬರ್ ಮ್ಯಾಟ್ ಹಾಸುವುದು ರೂಢಿ. ಕೆಳಗಿನದು ಕೊಕ್ಕೆಗೆ ಸಿಕ್ಕಿಸಿರುತ್ತದೆ, ಮೇಲಿನದು ಜಾರಿ ಜಾರಿ ಪೆಡಲ್ ಹತ್ತಿರ ಹೋಗುತ್ತದೆ. ಕೈ ಹಾಕಿ ನೋಡಿ.

ಕೇಶ್ವಾಪುರ ಆಲ್ಟೊ · ಶನಿವಾರ, ಮಧ್ಯಾಹ್ನ 2:48

ಹೌದು ಸರ್, ಎರಡು ಇದ್ದವು. ಈಗಷ್ಟೇ ಎರಡನ್ನೂ ತೆಗೆದೆ. ಅಡಿಯಲ್ಲಿ ಎರಿ ಮಣ್ಣು ಒಣಗಿ ಹೆಂಟೆ ಆಗಿತ್ತು, ಪೆಡಲ್ಲಿನ ಕೆಳಗೇ ಅರ್ಧ ರೊಟ್ಟಿಯಷ್ಟು ದಪ್ಪ. ಕುಂದಗೋಳದ ಹೊಲಕ್ಕೆ ಹೋಗಿಬಂದ ಬೂಟಿನ ಮಣ್ಣು. ಅದನ್ನೂ ಕೆರೆದು ತೆಗೆದೆ.

ಆದರೆ ಪೆಡಲ್ ಹಿಡಿದಾಗ ಮ್ಯಾಟಿಗೆ ತಾಗಿರಲಿಲ್ಲ. ಟಾರ್ಚ್ ಹಾಕಿ ನೋಡಿದ್ದೆ. ಸುಮಾರು ಅರ್ಧಕ್ಕೆ ನಿಂತಿತ್ತು, ಕೆಳಗೆ ನಾಲ್ಕು ಬೆರಳು ಜಾಗ ಇತ್ತು.

ವಿದ್ಯಾನಗರ 800 · ಶನಿವಾರ, ಮಧ್ಯಾಹ್ನ 3:05

ಇದು ಪೆಡಲ್ ತೊಂದರೆಯೇ ಅಲ್ಲದಿರಬಹುದು. ನನ್ನ ಗಾಡಿಯಲ್ಲಿ ಕಾಲು ತೆಗೆದರೂ ರೇಸ್ ಇಳಿಯುತ್ತಿರಲಿಲ್ಲ. ಕೊನೆಗೆ ನೋಡಿದರೆ ಐಡಲ್ ವಾಲ್ವ್, ಅಂದರೆ ಕಾಲು ತೆಗೆದಾಗ ಇಂಜಿನ್ ನಿಲ್ಲದಷ್ಟು ಗಾಳಿ ಬಿಡುವ ವಾಲ್ವ್, ಕೆಟ್ಟಿತ್ತು. ಇನ್ನೊಂದು ಸಲ ವ್ಯಾಕ್ಯೂಮ್ ಪೈಪ್ ಸೀಳಿತ್ತು.

ಗೋಕುಲ ರೋಡ್ ಫಿಟ್ಟರ್ · ಶನಿವಾರ, ಸಂಜೆ 6:40

ಈಗ ಕೆಲಸ ಮುಗಿಸಿ ನೋಡಿದೆ. ಮೇಲಿನವರು ಹೇಳಿದ್ದು ತಪ್ಪಲ್ಲ, ಆದರೆ ಅದು ಬೇರೆ ಕಾಯಿಲೆ. ಪೆಡಲ್ ಪೂರ್ತಿ ಮೇಲೆ ಬಂದಿದ್ದೂ ರೇಸ್ ಇಳಿಯಲಿಲ್ಲ ಅಂದರೆ ಐಡಲ್ ವಾಲ್ವ್, ಗಾಳಿ ಲೀಕ್, ಸೆನ್ಸಾರ್ ನೋಡಬೇಕು. ಪೆಡಲ್ಲೇ ಕೆಳಗೆ ನಿಂತಿದೆ ಅಂದರೆ ಎಲ್ಲೋ ಒಂದು ಕಡೆ ಕೈಗೆ ಸಿಗುವಂಥ ತಡೆ ಇದೆ. ಇವರದು ಎರಡನೆಯದು. ಇದಕ್ಕೆ ಸ್ಕ್ಯಾನರ್ ಬೇಡ.

ತಮ್ಮಾ, ಥ್ರಾಟಲ್ ಬಾಡಿ ಬದಲಿಸಬೇಡ. ಇನ್ನೂ ಯಾವ ಸಾಮಾನೂ ತರಬೇಡ.

ಕಾರ್ಬನ್ ಬಗ್ಗೆ ಒಂದು ಮಾತು. ಇಂಜಿನ್ ಒಳಗಿನ ಎಣ್ಣೆ ಹೊಗೆ ಪೈಪಿನಲ್ಲಿ ವಾಪಸ್ ಬಂದು ಥ್ರಾಟಲ್ ತಟ್ಟೆಯ ಅಂಚಿಗೆ ಕಪ್ಪು ಜಿಡ್ಡಾಗಿ ಕೂರುತ್ತದೆ. ತಟ್ಟೆ ಮುಚ್ಚಿರುವಾಗ ಗೋಡೆಗೆ ತಾಗುವ ಜಾಗದಲ್ಲೇ ಅದು ಜಾಸ್ತಿ. ಅದಕ್ಕೆ ಕಾರ್ಬನ್ ಹಿಡಿದ ಗಾಡಿಯ ಲಕ್ಷಣ ಹೇಗಿರುತ್ತದೆ ಅಂದರೆ, ಮೊದಲು ಪೆಡಲ್ ಒತ್ತಿದರೆ ಬಗ್ಗುವುದಿಲ್ಲ, ಸ್ವಲ್ಪ ಜೋರು ಮಾಡಿದರೆ ಟಕ್ ಅಂತ ಬಿಟ್ಟು ಗಾಡಿ ಮುಂದಕ್ಕೆ ಜಿಗಿಯುತ್ತದೆ. ಅಂದರೆ ಮುಚ್ಚಿದ ಜಾಗದಲ್ಲಿ ಅಂಟುತ್ತದೆ. ನಿನ್ನದು ಅರ್ಧದಲ್ಲಿ ತೆರೆದು ನಿಲ್ಲುತ್ತದೆ. ಅರ್ಧದಲ್ಲಿ ತಟ್ಟೆ ಗೋಡೆಗೆ ತಾಗುವುದೇ ಇಲ್ಲ, ಕಾರ್ಬನ್ ಅಲ್ಲಿ ಏನನ್ನು ಹಿಡಿಯಬೇಕು? ತೊಳೆದದ್ದು ತಪ್ಪಲ್ಲ, ಹಳೆ ಗಾಡಿ, ತೊಳೆಯಬೇಕಾದದ್ದೇ. ಆದರೆ ರೋಗ ಅದಲ್ಲ ಅಂತ ನನ್ನ ಅಂದಾಜು.

ನಿನ್ನ ಆಲ್ಟೊದಲ್ಲಿ ಕಾಲಿನಿಂದ ಇಂಜಿನ್ ತನಕ ಮೂರೇ ಇವೆ. ಪೆಡಲ್, ಕೇಬಲ್, ಥ್ರಾಟಲ್. ಮೂರನ್ನೂ ಬಿಡಿಸಿ ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡು. ಯಾವುದು ತಪ್ಪು ಅಂತ ಬೆರಳೇ ಹೇಳುತ್ತದೆ.

ಇಂಜಿನ್ ಬಂದ್ ಮಾಡು, ಕೀ ಕಿಸೆಯಲ್ಲಿ ಇಟ್ಟುಕೋ. ಬಾನೆಟ್ ತೆಗೆದು ಥ್ರಾಟಲ್ ಬಾಡಿ ಪಕ್ಕ ನೋಡು. ಅರ್ಧ ಗಾಲಿಯಂಥದ್ದು ಇದೆ, ಕೇಬಲ್ ಅದರ ಮೇಲೆ ಸುತ್ತಿ ಬಂದು ತುದಿಯ ಗುಂಡು ಅದರ ತೂತಿನಲ್ಲಿ ಕೂತಿರುತ್ತದೆ. ಗಾಲಿಯನ್ನು ಕೈಯಿಂದ ಪೂರ್ತಿ ತಿರುಗಿಸಿ ಹಿಡಿದುಕೋ, ಕೇಬಲ್ ಸಡಿಲ ಆಗುತ್ತದೆ, ಗುಂಡನ್ನು ಪಕ್ಕಕ್ಕೆ ಜಾರಿಸಿ ತೆಗಿ.

ಈಗ ಗಾಲಿಯನ್ನು ತಿರುಗಿಸಿ ಬಿಡು. ಸ್ಪ್ರಿಂಗ್ ಎಳೆದು ಟಕ್ ಅಂತ ವಾಪಸ್ ಬಡಿಯಬೇಕು. ಮೆಲ್ಲಗೆ ಬಂದರೆ, ನಡುವೆ ನಿಂತರೆ, ಥ್ರಾಟಲ್ಲಿನ ಶಾಫ್ಟ್ ಅಥವಾ ಸ್ಪ್ರಿಂಗ್ ತಪ್ಪು. ಒಂದು ಸಲ ಮಾಡಿ ಬಿಡಬೇಡ, ಇಪ್ಪತ್ತು ಸಲ ಮಾಡು. ಮೆಲ್ಲಗೆ ತಿರುಗಿಸಿ ಮೆಲ್ಲಗೆ ಬಿಟ್ಟೂ ನೋಡು.

ಆಮೇಲೆ ಒಳಗೆ ಕೂತು ಪೆಡಲ್ಲಿನ ಮೇಲ್ತುದಿಯಿಂದ ಕೇಬಲ್ ಬಿಡಿಸು. ಪೆಡಲ್ ಒಂದನ್ನೇ ಆಡಿಸು. ತೊಟ್ಟಿಲಿನ ಹಾಗೆ ಸಲೀಸಾಗಿ ಆಡಬೇಕು.

ಉಳಿದದ್ದು ಕೇಬಲ್. ಒಂದು ತುದಿ ನೀನು ಹಿಡಿ, ಇನ್ನೊಂದು ತುದಿ ಮನೆಯವರು ಯಾರಾದರೂ ಹಿಡಿಯಲಿ. ಆ ಕಡೆ ಈ ಕಡೆ ಎಳೆಯಿರಿ. ಬೆಣ್ಣೆಯಲ್ಲಿ ದಾರ ಎಳೆದ ಹಾಗೆ ಇರಬೇಕು. ಎಲ್ಲಿಯಾದರೂ ಕರಕರ ಅಂದರೆ ಅಲ್ಲೇ ಕಳ್ಳ.

ಬೆಟಗೇರಿ ರಸ್ತೆ · ಶನಿವಾರ, ರಾತ್ರಿ 8:05

ಗದಗಿನಿಂದ ನನ್ನದೂ ಒಂದು ಅನುಭವ. ಶೇಂಗಾ ಸುಗ್ಗಿ ಹೊತ್ತಿನಲ್ಲಿ ಗಾಡಿ ಕಣದ ಹತ್ತಿರ ನಾಲ್ಕು ದಿನ ನಿಂತಿತ್ತು. ಇಲಿ ಬಾನೆಟ್ ಒಳಗೆ ಶೇಂಗಾ ತಂದು ಗುಡ್ಡೆ ಹಾಕಿತ್ತು. ಒಂದು ಸಿಪ್ಪೆ ಆ ಅರ್ಧ ಗಾಲಿಯ ಸಂದಿಯಲ್ಲೇ ಸಿಕ್ಕಿತ್ತು. ಪೆಡಲ್ ಒಂದು ಇಂಚು ಕೆಳಗೇ ನಿಲ್ಲುತ್ತಿತ್ತು. ಕಡ್ಡಿಯಿಂದ ತೆಗೆದ ಮೇಲೆ ಸರಿಯಾಯಿತು. ಗಾಡಿ ನಿಂತು ಬಹಳ ದಿನವಾಗಿದ್ದರೆ ಮೊದಲು ಇದನ್ನು ನೋಡಿ.

ನನಗೊಬ್ಬರು ಕೇಬಲ್ ಒಳಗೆ ಇಂಜಿನ್ ಆಯಿಲ್ ಬಿಡು, ಜಾರುತ್ತದೆ ಎಂದಿದ್ದರು. ಬಿಟ್ಟೆ, ಒಂದು ತಿಂಗಳು ಮಸ್ತ್ ಇತ್ತು. ಇವರೂ ಹಾಗೇ ಮಾಡಿ ನೋಡಬಹುದಲ್ಲ? ಇಲ್ಲದಿದ್ದರೆ ಥ್ರಾಟಲ್ಲಿಗೆ ಹೊರಗಿನಿಂದ ಇನ್ನೊಂದು ಸ್ಪ್ರಿಂಗ್ ಸಿಕ್ಕಿಸುವುದೂ ಇದೆ, ಹಳೆ ಗಾಡಿಗಳಿಗೆ ಬಹಳ ಜನ ಮಾಡಿಸುತ್ತಿದ್ದರು.

ಗೋಕುಲ ರೋಡ್ ಫಿಟ್ಟರ್ · ಶನಿವಾರ, ರಾತ್ರಿ 9:20

ಎರಡೂ ಬೇಡ್ರಿ. ದಯವಿಟ್ಟು.

ಎಣ್ಣೆ ಬಿಟ್ಟರೆ ಒಂದು ತಿಂಗಳು ಮಸ್ತ್ ಇರುತ್ತದೆ, ನೀವೇ ಹೇಳಿದಿರಿ. ಎರಡನೇ ತಿಂಗಳು? ನಮ್ಮ ಧೂಳು ಎಂಥದ್ದು ನಿಮಗೆ ಗೊತ್ತಿದೆ. ಗದಗ ರೋಡಿನಲ್ಲಿ ಬೇಸಿಗೆಯಲ್ಲಿ ಒಂದು ಲಾರಿ ಹಿಂದೆ ಹೋದರೆ ಸಾಕು. ಎಣ್ಣೆಗೆ ಎರಿ ಧೂಳು ಕೂಡಿದರೆ ಅರೆಯುವ ಲೇಪ ಆಗುತ್ತದೆ. ಈಗಿನ ಕೇಬಲ್ ಒಳಗೆ ನೈಲಾನ್ ಥರದ ನಳಿಗೆ ಇರುತ್ತದೆ, ಅದು ಎಣ್ಣೆ ಇಲ್ಲದೆಯೇ ಜಾರುವಂತೆ ಮಾಡಿದ್ದು. ಕೇಬಲ್ ಒರಟಾಗಿದೆ ಅಂದರೆ ಅದರ ಆಯುಸ್ಸು ಮುಗಿದಿದೆ, ಬದಲಿಸಬೇಕು.

ಸ್ಪ್ರಿಂಗ್ ವಿಷಯ ಇನ್ನೂ ಕೆಟ್ಟದ್ದು. ಕೇಬಲ್ ಒಳಗೆ ಎಲ್ಲೋ ತಂತಿ ತುಂಡಾಗುತ್ತಿದೆ ಅಂತ ಇಟ್ಟುಕೊಳ್ಳಿ. ನೀವು ಜೋರಾದ ಸ್ಪ್ರಿಂಗ್ ಹಾಕಿದಿರಿ. ಪೆಡಲ್ ವಾಪಸ್ ಬರುತ್ತದೆ, ನಿಮಗೆ ಸಮಾಧಾನ. ಆದರೆ ಪ್ರತಿ ಸಲ ಒತ್ತುವಾಗ ಆ ಅರ್ಧ ಸತ್ತ ತಂತಿಯ ಮೇಲೆ ಎಳೆತ ಜಾಸ್ತಿ. ಒಂದು ದಿನ ನಡುದಾರಿಯಲ್ಲಿ ಕಡಿಯುತ್ತದೆ, ಇಲ್ಲ ಎಳೆ ಬಿಚ್ಚಿ ನಳಿಗೆಯೊಳಗೆ ಗಂಟಾಗಿ ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಬೇನೆ ಮುಚ್ಚಿಟ್ಟ ಹಾಗೆ ಆಗುತ್ತದೆ.

ಕೇಶ್ವಾಪುರ ಆಲ್ಟೊ · ಭಾನುವಾರ, ಬೆಳಿಗ್ಗೆ 9:30

ಫಿಟ್ಟರ್ ಕಾಕಾ, ನೀವು ಹೇಳಿದ ಹಾಗೇ ಬೆಳಿಗ್ಗೆ ಏಳಕ್ಕೆ ಕೂತೆ. ತಂಗಿ ಇನ್ನೊಂದು ತುದಿ ಹಿಡಿದಳು.

ಗಾಲಿ ಇಪ್ಪತ್ತೈದು ಸಲವೂ ಟಕ್ ಎಂದು ಬಂತು. ಪೆಡಲ್ ಸಲೀಸು. ಕೇಬಲ್ ಕೂಡ ಚೆನ್ನಾಗಿ ಜಾರಿತು. ಒಂದು ಕಡೆ ಸ್ವಲ್ಪ ಕರಕರ ಅನ್ನಿಸಿತೋ ಇಲ್ಲವೋ ಅನ್ನುವಷ್ಟು. ತಂಗಿ ಏನೂ ಇಲ್ಲ ಅಂದಳು. ಎಲ್ಲಾ ಸರಿ ಇದ್ದರೆ ನಿನ್ನೆ ಹಿಡಿದದ್ದು ಯಾವುದು?

ಗೋಕುಲ ರೋಡ್ ಫಿಟ್ಟರ್ · ಭಾನುವಾರ, ಬೆಳಿಗ್ಗೆ 10:10

ರಾತ್ರಿ ಇಡೀ ನಿಂತ ಗಾಡಿ ತಮ್ಮಾ, ಇಂಜಿನ್ ತಣ್ಣಗಿದೆ. ನಿನಗೆ ಹಿಡಿದದ್ದು ಯಾವಾಗ? ಕೇಶ್ವಾಪುರದಿಂದ ರಾಯಾಪುರದ ತನಕ ಓಡಿದ ಮೇಲೆ. ಹಿಂದೆ ಆದದ್ದೂ ಬಿಸಿ ಆದ ಮೇಲೇನಾ?

ಎಲ್ಲಾ ವಾಪಸ್ ಜೋಡಿಸು. ಮನೆ ಮುಂದೆಯೇ ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಎಳೆದು, ಫ್ಯಾನ್ ಒಂದೆರಡು ಸಲ ಶುರುವಾಗಿ ನಿಲ್ಲುವ ತನಕ ಇಂಜಿನ್ ಓಡಿಸು. ಆಮೇಲೆ ಬಂದ್ ಮಾಡಿ ಅದೇ ಪರೀಕ್ಷೆ ಮಾಡು. ಕೈ ಜೋಪಾನ, ಬಿಸಿ ಇರುತ್ತದೆ. ಫ್ಯಾನ್ ತಾನಾಗೇ ತಿರುಗಬಹುದು, ಅಂಗಿ ತೋಳು, ತಂಗಿಯ ವೇಲು ಎಲ್ಲಾ ದೂರ ಇರಲಿ.

ಹಾನಗಲ್ ಟೀಚರ್ · ಭಾನುವಾರ, ಬೆಳಿಗ್ಗೆ 10:25

ನಾನು ಹಾವೇರಿಯಿಂದ ಹಾನಗಲ್‌ಗೆ ದಿನಾ ಇಂಥದ್ದೇ ಹಳೆ ಗಾಡಿಯಲ್ಲಿ ಓಡಾಡುವವಳು. ಗಾಡಿ ಕೆಲಸ ನನಗೆ ಅಷ್ಟು ತಿಳಿಯದು. ಒಂದು ಪ್ರಶ್ನೆ ಮಾತ್ರ. ಈ ತೊಂದರೆ ಶುರುವಾಗುವ ಮುಂಚೆ ಗಾಡಿಗೆ ಬೇರೆ ಯಾವುದಾದರೂ ಕೆಲಸ ಮಾಡಿಸಿದ್ದಿರಾ?

ಯಾಕೆ ಕೇಳಿದೆ ಅಂದರೆ, ನನ್ನ ಗಾಡಿಯಲ್ಲಿ ಬ್ಯಾಟರಿ ಬದಲಿಸಿದ ಮಾರನೇ ದಿನವೇ ಹಾರ್ನ್ ನಿಂತಿತ್ತು. ಹಾರ್ನ್ ಕೆಟ್ಟಿದೆ ಎಂದು ಹೊಸದು ಹಾಕಿಸಿದೆ. ಅದೂ ಕೂಗಲಿಲ್ಲ. ಕೊನೆಗೆ ನೋಡಿದರೆ ಬ್ಯಾಟರಿ ಕೂರಿಸುವಾಗ ಒಂದು ವೈರ್ ಕಿತ್ತಿತ್ತು. ಅಂದಿನಿಂದ ನಾನು ಮೊದಲು ನೋಡುವುದು ಕೊನೆಯ ಸಲ ಯಾರು ಎಲ್ಲಿ ಕೈ ಹಾಕಿದ್ದರು ಅನ್ನೋದನ್ನು.

ಕೇಶ್ವಾಪುರ ಆಲ್ಟೊ · ಭಾನುವಾರ, ಬೆಳಿಗ್ಗೆ 10:40

ಅಕ್ಕಾ, ಮಾಡಿಸಿದ್ದೆ! ದೀಪಾವಳಿ ಆದ ಮೇಲೆ ಇಂಜಿನ್ ಬಿಸಿ ಆಗುತ್ತಿತ್ತು ಎಂದು ಇಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ ಬಿಚ್ಚಿಸಿ ಅದರ ಕೆಳಗಿನ ಗ್ಯಾಸ್ಕೆಟ್ ಹೊಸದು ಹಾಕಿಸಿದೆ. ನೀರಿನ ಹೋಸ್‌ಗಳನ್ನೂ ಹೊಸದು ಹಾಕಿದ್ದರು. ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಎಂದು ಅನ್ನಿಸಿರಲೇ ಇಲ್ಲ.

ಗೋಕುಲ ರೋಡ್ ಫಿಟ್ಟರ್ · ಭಾನುವಾರ, ಬೆಳಿಗ್ಗೆ 10:52

ಟೀಚರ್, ನಾನು ಮೊದಲೇ ಕೇಳಬೇಕಾದ ಪ್ರಶ್ನೆ ನೀವು ಕೇಳಿದಿರಿ.

ಹೆಡ್ ಬಿಚ್ಚಬೇಕಾದರೆ ಎಕ್ಸಲೇಟರ್ ಕೇಬಲ್ ತೆಗೆಯಲೇಬೇಕು. ತಮ್ಮಾ, ಕೇಬಲ್ ಹೋದ ದಾರಿಯನ್ನು ಪೂರ್ತಿ ನೋಡು. ಥ್ರಾಟಲ್‌ನಿಂದ ಹಿಡಿದು ಒಳಗೆ ಹೋಗುವ ತೂತಿನ ತನಕ ಬೆರಳು ಆಡಿಸುತ್ತಾ ಹೋಗು. ಅದು ದೊಡ್ಡ ತಿರುವಿನಲ್ಲಿ ಆರಾಮಾಗಿ ಬಾಗಿ ಹೋಗಬೇಕು. ಎಲ್ಲಿಯೂ ಮೊಣಕೈ ಮಡಚಿದ ಹಾಗೆ ಮುರಿದು ಬಾಗಬಾರದು. ಅದನ್ನು ಹಿಡಿಯುವ ಕ್ಲಿಪ್ ಇರುತ್ತದೆ, ಅದು ಇದೆಯಾ ನೋಡು.

ರಾಜನಗರದ ಹೊಸ ಗಾಡಿ · ಭಾನುವಾರ, ಬೆಳಿಗ್ಗೆ 11:30

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನದು 2021ರ ಗಾಡಿ. ಕೇಬಲ್ಲೇ ಇಲ್ಲ ಅಂತಾರೆ. ಹಾಗಾದರೆ ನಮ್ಮ ಗಾಡಿಗಳಲ್ಲಿ ಪೆಡಲ್ ಹಿಡಿಯುವುದೇ ಇಲ್ಲವಾ?

ಸಾಧನಕೇರಿ · ಭಾನುವಾರ, ಬೆಳಿಗ್ಗೆ 11:55

ಹಿಡಿಯಬಹುದು. ಕಾರಣ ಬೇರೆ.

ನಿಮ್ಮ ಪೆಡಲ್ ಒಂದು ಸ್ವಿಚ್ ಇದ್ದ ಹಾಗೆ. ಎಷ್ಟು ಒತ್ತಿದಿರಿ ಅನ್ನೋದನ್ನು ಅದರೊಳಗಿನ ಎರಡು ಸೆನ್ಸಾರ್ ಅಳೆದು ಕಂಪ್ಯೂಟರಿಗೆ ಹೇಳುತ್ತವೆ. ಥ್ರಾಟಲ್ ತೆರೆಯುವುದು ಒಂದು ಸಣ್ಣ ಮೋಟರ್. ಎರಡು ಸೆನ್ಸಾರ್ ಯಾಕೆ? ಒಂದು ಸುಳ್ಳು ಹೇಳಿದರೆ ಇನ್ನೊಂದರ ಜೊತೆ ತಾಳೆ ಆಗುವುದಿಲ್ಲ. ಆಗ ಚೆಕ್ ಇಂಜಿನ್ ದೀಪ ಹತ್ತಿ ಗಾಡಿ ನಿಧಾನಕ್ಕೆ ಮಾತ್ರ ಓಡುತ್ತದೆ. ಆಗ ಸ್ಕ್ಯಾನರ್ ಹಾಕಿಸಲೇಬೇಕು.

ಆದರೆ ಪೆಡಲ್ ಸ್ವತಃ ಕೆಳಗೆ ನಿಂತರೆ ಎರಡು ಸೆನ್ಸಾರೂ ಒಂದೇ ಮಾತು ಹೇಳುತ್ತವೆ, ಚಾಲಕ ಒತ್ತಿದ್ದಾನೆ ಅಂತ. ಕಂಪ್ಯೂಟರಿಗೆ ಅದು ತಪ್ಪು ಅನ್ನಿಸುವುದಿಲ್ಲ. ಮೇಲೆ ಹೇಳಿದ 23 ಲಕ್ಷ ಕಾರುಗಳ ತೊಂದರೆ ಇದೇ ಜಾತಿಯದು. ಕೇಬಲ್ ಇಲ್ಲದ ಪೆಡಲ್ ತೀರ ಹಗುರ ಅನ್ನಿಸಬಾರದು ಎಂದು ಒಳಗೆ ಬೇಕೆಂದೇ ಸ್ವಲ್ಪ ಘರ್ಷಣೆ ಇಟ್ಟಿರುತ್ತಾರೆ. ಆ ಉಜ್ಜುವ ಭಾಗ ಸವೆದು, ತೇವ ಕೂಡಿದಾಗ ಅಂಟುತ್ತಿತ್ತು. ಈಗ ಅನೇಕ ಗಾಡಿಗಳಲ್ಲಿ ಬ್ರೇಕ್ ಮತ್ತು ಎಕ್ಸಲೇಟರ್ ಎರಡೂ ಒತ್ತಿದರೆ ಬ್ರೇಕಿನ ಮಾತೇ ನಡೆಯುವಂತೆ ಮಾಡಿರುತ್ತಾರೆ. ನಿಮ್ಮದರಲ್ಲಿ ಇದೆಯಾ ಎಂದು ಗಾಡಿ ಜೊತೆ ಬಂದ ಪುಸ್ತಕದಲ್ಲಿ ನೋಡಿ.

ಇಂಥ ಪೆಡಲ್ ಬಿಚ್ಚಿ ಗ್ರೀಸ್ ಹಾಕಲು ಯಾರಿಗೂ ಕೊಡಬೇಡಿ. ಮ್ಯಾಟ್, ಮಣ್ಣು, ಉರುಳಿ ಬಂದ ನೀರಿನ ಬಾಟಲ್ ಯಾವುದೂ ಇಲ್ಲದೆಯೂ ಹಿಡಿಯುತ್ತಿದ್ದರೆ ಪೂರ್ತಿ ಪೆಡಲ್ ಸೆಟ್ಟೇ ಬದಲಿಸುವುದು ಸರಿ. ಬಾಟಲ್ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ಬ್ರೇಕ್ ಪೆಡಲ್ ಕೆಳಗೆ ಹೋದರೆ ಇನ್ನೂ ಕೆಟ್ಟದ್ದು.

ಕೇಶ್ವಾಪುರ ಆಲ್ಟೊ · ಭಾನುವಾರ, ಮಧ್ಯಾಹ್ನ 1:20

ಸಿಕ್ಕಿತು!

ಇಂಜಿನ್ ಬಿಸಿ ಮಾಡಿದೆ. ಎರಡನೇ ಸಲ ಫ್ಯಾನ್ ನಿಂತ ಮೇಲೆ ಬಂದ್ ಮಾಡಿದೆ. ತಂಗಿ ಒಳಗೆ ಕೂತು ಪೆಡಲ್ ಒತ್ತಿ ಬಿಟ್ಟಳು, ನಾನು ಗಾಲಿ ನೋಡುತ್ತಾ ನಿಂತೆ. ಆರನೇ ಸಲಕ್ಕೆ ಗಾಲಿ ಅರ್ಧ ತೆರೆದು ಹಾಗೇ ನಿಂತಿತು. ಕೇಬಲ್ ತುದಿ ಬಿಡಿಸಿದ ಕೂಡಲೇ ಗಾಲಿ ಟಕ್ ಅಂತ ಮುಚ್ಚಿತು. ಅಂದರೆ ಥ್ರಾಟಲ್ ಬಾಡಿಗೆ ಏನೂ ಆಗಿಲ್ಲ. ಬದಲಿಸಿದ್ದರೆ ದುಡ್ಡೂ ಹೋಗುತ್ತಿತ್ತು, ತೊಂದರೆಯೂ ಹಾಗೇ ಇರುತ್ತಿತ್ತು.

ಆಮೇಲೆ ಕೇಬಲ್ ಮೇಲೆ ಬೆರಳು ಆಡಿಸುತ್ತಾ ಹೋದೆ. ಒಳಗಿನ ಗೋಡೆಯ ಹತ್ತಿರ ಅದು ಹೊಸ ಹೀಟರ್ ಹೋಸ್‌ನ ಕೆಳಗೆ ನುಸುಳಿ ಹೋಗಿದೆ. ಹೋಸ್ ಅದನ್ನು ಬ್ರಾಕೆಟ್ಟಿಗೆ ಒತ್ತಿ ಹಿಡಿದಿದೆ. ಕ್ಲಿಪ್ ಇರಬೇಕಾದ ಜಾಗದಲ್ಲಿ ಬರೀ ತೂತು ಇದೆ. ತಣ್ಣಗಿರುವಾಗ ಹೋಸ್ ಮೆತ್ತಗೆ, ಬೆರಳಿಂದ ಒತ್ತಿದರೆ ಒಳಗೆ ಹೋಗುತ್ತದೆ. ಬಿಸಿಯಾದ ಮೇಲೆ ಮುಟ್ಟಿದರೆ ಗಾಳಿ ತುಂಬಿದ ಟ್ಯೂಬ್ ಹಾಗೆ ಬಿರುಸು. ಅದಕ್ಕೇ ಬೆಳಿಗ್ಗೆ ಎಲ್ಲಾ ಸರಿ ಕಂಡದ್ದು.

ಗೋಕುಲ ರೋಡ್ ಫಿಟ್ಟರ್ · ಭಾನುವಾರ, ಮಧ್ಯಾಹ್ನ 1:45

ಭೇಷ್. ತಂಗಿಗೂ ನನ್ನ ಕಡೆಯಿಂದ ಭೇಷ್ ಹೇಳು.

ಆದರೆ ಹೋಸ್ ಕೆಳಗಿಂದ ತೆಗೆದು ಮೇಲಿಟ್ಟು ಆಯಿತು ಅಂತ ಬಿಡಬೇಡ. ಇಷ್ಟು ದಿನ ಮುರಿದು ಬಾಗಿದ ಕೇಬಲ್ ಒಳಗೆ ಏನಾಗಿದೆಯೋ ಗೊತ್ತಿಲ್ಲ. ಹೊಸದು ತಾ. ಹಳೆಯದನ್ನು ಅಂಗಡಿಗೆ ಒಯ್ದು ಪಕ್ಕಕ್ಕಿಟ್ಟು ಉದ್ದ ನೋಡಿ ತಾ. ಒಂದೇ ಹೆಸರಿನ ಗಾಡಿಯಲ್ಲೂ ಬೇರೆ ಬೇರೆ ವರ್ಷಕ್ಕೆ ಬೇರೆ ಬೇರೆ ಉದ್ದ ಬರುತ್ತದೆ. ಕ್ಲಿಪ್ ಮರೆಯಬೇಡ.

ಕೇಶ್ವಾಪುರ ಆಲ್ಟೊ · ಸೋಮವಾರ, ರಾತ್ರಿ 8:50

ಇವತ್ತು ಹೊಸ ಕೇಬಲ್ ಹಾಕಿದೆವು. ನಮ್ಮ ಓಣಿಯ ಒಬ್ಬ ಮೆಕ್ಯಾನಿಕ್ ಅಣ್ಣ ಸಂಜೆ ಬಂದು ಜೊತೆಗೆ ನಿಂತರು. ಕೇಬಲ್ ಮತ್ತು ಕ್ಲಿಪ್ ಸೇರಿ ಕೆಲವು ನೂರು ರೂಪಾಯಿ ಆಯಿತು ಅಷ್ಟೇ.

ಹಳೆ ಕೇಬಲ್ಲಿನ ಒಳ ತಂತಿಯನ್ನು ಪೂರ್ತಿ ಹೊರಗೆ ಎಳೆದು ನೋಡಿದೆ. ಬಾಗಿದ್ದ ಜಾಗದಲ್ಲಿ ಮೂರು ಎಳೆ ತುಂಡಾಗಿವೆ. ತುಂಡಾದ ತುದಿಗಳು ಗೋದಿ ತೆನೆಯ ಮೀಸೆಯ ಹಾಗೆ ಒಂದೇ ಕಡೆಗೆ ಚಾಚಿವೆ. ಸಣ್ಣವರಿದ್ದಾಗ ಗೋದಿ ತೆನೆಯನ್ನು ಅಂಗಿ ತೋಳಿನೊಳಗೆ ಹಾಕಿಕೊಳ್ಳುತ್ತಿದ್ದೆವು ನೋಡಿ, ಕೈ ಆಡಿಸಿದಷ್ಟೂ ಮೇಲೆ ಮೇಲೆ ಹೋಗುತ್ತದೆ, ಹಿಂದಕ್ಕೆ ಮಾತ್ರ ಬರುವುದಿಲ್ಲ. ಇದೂ ಹಾಗೇ. ಒತ್ತುವಾಗ ಸಲೀಸು, ವಾಪಸ್ ಬರುವಾಗ ನಳಿಗೆಗೆ ಚುಚ್ಚಿ ನಿಲ್ಲುತ್ತದೆ. ಬೆರಳು ಹಿಂದಕ್ಕೆ ಎಳೆದಾಗ ನನಗೂ ಚುಚ್ಚಿ ರಕ್ತ ಬಂತು. ನೀವು ಎಳೆದು ನೋಡುವಾಗ ಬಟ್ಟೆ ಹಿಡಿದುಕೊಳ್ಳಿ.

ನಳಿಗೆಯ ಒಳಗೆ ಬಿಳಿ ಪ್ಲಾಸ್ಟಿಕ್ ಆ ಜಾಗದಲ್ಲಿ ಹರಿದು ಕಾಡಿಗೆಯಷ್ಟೇ ಕಪ್ಪಾಗಿತ್ತು.

ಕಾಕಾ, ಹೊಸ ಕೇಬಲ್ ಎಷ್ಟು ಬಿಗಿ ಇರಬೇಕು?

ಗೋಕುಲ ರೋಡ್ ಫಿಟ್ಟರ್ · ಸೋಮವಾರ, ರಾತ್ರಿ 9:15

ಸ್ವಲ್ಪ ಸಡಿಲ ಇರಲೇಬೇಕು. ಗಾಲಿ ಮುಚ್ಚಿರುವಾಗ ಕೇಬಲ್ಲನ್ನು ಬೆರಳಿಂದ ಒತ್ತಿದರೆ ತುಸು ಬಗ್ಗಬೇಕು. ತಂತಿಯ ಹಾಗೆ ಬಿಗಿ ಇದ್ದರೆ ಥ್ರಾಟಲ್ ಪೂರ್ತಿ ಮುಚ್ಚದೆ ಐಡಲ್ ಏರುತ್ತದೆ. ತೀರ ಜೋಲಾಡಿದರೆ ಪೆಡಲ್ ತಳಕ್ಕೆ ಒತ್ತಿದರೂ ಥ್ರಾಟಲ್ ಪೂರ್ತಿ ತೆರೆಯುವುದಿಲ್ಲ, ಏರಿನಲ್ಲಿ ಗಾಡಿ ಸೊರಗುತ್ತದೆ. ಬ್ರಾಕೆಟ್ ಹತ್ತಿರ ಎರಡು ನಟ್ ಇವೆ. ಒಂದನ್ನು ಸಡಿಲಿಸಿ ಇನ್ನೊಂದನ್ನು ತಿರುಗಿಸಿ ಹೊಂದಿಸು, ಆಮೇಲೆ ಎರಡನ್ನೂ ಬಿಗಿ ಮಾಡು. ಇಂಜಿನ್ ಬಿಸಿ ಇರುವಾಗ ಒಮ್ಮೆ, ತಣ್ಣಗಾದ ಮೇಲೆ ಒಮ್ಮೆ ನೋಡು.

ನಾಳೆ ನೇರ ಹೆದ್ದಾರಿಗೆ ಹೋಗಬೇಡ. ಓಣಿಯಲ್ಲಿ ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಬಾನೆಟ್ ತೆಗೆದು ಕೇಬಲ್ ಹೋಸ್‌ನಿಂದ ದೂರ ಇದೆಯಾ ನೋಡಿ ಆಮೇಲೆ ಮುಂದೆ ಹೋಗು.

ಹಾನಗಲ್ ಟೀಚರ್ · ಮಂಗಳವಾರ, ಸಂಜೆ 5:40

ಇದನ್ನೆಲ್ಲ ಓದಿ ಇವತ್ತು ನನ್ನ ಗಾಡಿಯ ಬಾನೆಟ್ ತೆಗೆದು ಗಾಲಿ ತಿರುಗಿಸಿ ನೋಡಿದೆ. ಟಕ್ ಎಂದಿತು. ಕ್ಲಿಪ್ ಇದೆ. ಆದರೆ ಮ್ಯಾಟ್ ಎರಡು ಇದ್ದವು, ಮೇಲಿನದನ್ನು ತೆಗೆದು ಹಿಂದಿನ ಸೀಟಿನ ಕಡೆ ಹಾಕಿದೆ. ಶಾಲೆಯ ಮೈದಾನದಲ್ಲಿ ನಿಧಾನವಾಗಿ ಓಡಿಸುತ್ತಾ ಕ್ಲಚ್, ನ್ಯೂಟ್ರಲ್, ಬ್ರೇಕ್ ಅಭ್ಯಾಸವನ್ನೂ ಹತ್ತು ಸಲ ಮಾಡಿದೆ. ಮೊದಲೆರಡು ಸಲ ಕೈ ಕೀ ಕಡೆಗೇ ಹೋಯಿತು. ಆಮೇಲೆ ಗೇರಿಗೆ ಹೋಗುವುದು ರೂಢಿ ಆಯಿತು.

ಕೇಶ್ವಾಪುರ ಆಲ್ಟೊ · ಶನಿವಾರ, ಸಂಜೆ 7:00

ಇವತ್ತು ಅವ್ವನನ್ನು ಮತ್ತೆ ನುಗ್ಗಿಕೇರಿಗೆ ಕರೆದುಕೊಂಡು ಹೋಗಿಬಂದೆ. ರಾಯಾಪುರದ ಹತ್ತಿರ ಬೇಕೆಂದೇ ಕಾಲು ತೆಗೆದೆ, ಗಾಡಿ ತಾನಾಗಿ ನಿಧಾನ ಆಯಿತು. ಅವ್ವ ಹೋಗುವಾಗ ಡ್ಯಾಶ್‌ಬೋರ್ಡ್ ಹಿಡಿದಿದ್ದಳು. ಬರುವಾಗ ನಿದ್ದೆ ಮಾಡಿದಳು.

ಹೆಡ್ ಕೆಲಸ ಮಾಡಿದ ಗ್ಯಾರೇಜಿಗೂ ಹೋಗಿ ಹಳೆ ಕೇಬಲ್ ತೋರಿಸಿದೆ. ಜಗಳ ಮಾಡಲಿಲ್ಲ. ಅಲ್ಲಿ ಕೆಲಸ ಕಲಿಯುವ ಹುಡುಗ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಕ್ಲಿಪ್ ಮುರಿದಿತ್ತು, ಹೇಳಲು ಮರೆತೆ ಅಣ್ಣಾ ಎಂದ.

ಆ ಕೇಬಲ್ ಈಗ ನನ್ನ ಡಿಕ್ಕಿಯಲ್ಲಿ ಇದೆ. ಹುಬ್ಬಳ್ಳಿ ಕಡೆಯವರು ಯಾರಾದರೂ ಕಣ್ಣಾರೆ ನೋಡಬೇಕಿದ್ದರೆ ಹೇಳಿ, ಭಾನುವಾರ ಮನೆಯಲ್ಲೇ ಇರುತ್ತೇನೆ.